ಕೈಲಿ ಒಂದು: ಲೆಕ್ಕದ ಯಂತ್ರಗಳು ದಶಕ ಕಲಿತ ಕಥೆ

ಈ ಮೇಜಿನ ಮೇಲೆ ಒಂದು ಕಪ್ಪು ಯಂತ್ರ ಇಟ್ಟಿದ್ದೇನೆ. ಹಿಂದಿನ ಸಾಲಿನವರಿಗೆ ಹೊಲಿಗೆ ಯಂತ್ರದ ತಲೆಭಾಗದ ಹಾಗೆ ಕಾಣಬಹುದು. ಬಲಗಡೆ ತಿರುಗಿಸುವ ಹಿಡಿ. ಮೈಮೇಲೆ ಸಾಲಾಗಿ ಒಂಬತ್ತು ಸೀಳುಗಳು, ಪ್ರತಿ ಸೀಳಿನಲ್ಲೂ 0ಯಿಂದ 9ರವರೆಗೆ ಸರಿಯುವ ಒಂದು ಪುಟ್ಟ ಸನ್ನೆ. ಕೆಳಗೆ ಅಂಕಿ ತೋರಿಸುವ ಕಿಟಕಿಗಳು. ಸೇಂಟ್ ಪೀಟರ್ಸ್‌ಬರ್ಗಿನಲ್ಲಿದ್ದ ಒಡ್ನರ್ ಎಂಬ ಸ್ವೀಡನ್ನಿನ ಎಂಜಿನಿಯರ್ 1870ರ ದಶಕದಲ್ಲಿ ರೂಪಿಸಿದ ಮಾದರಿ ಇದು. ಕ್ಯಾಲ್ಕ್ಯುಲೇಟರ್ ಬರುವವರೆಗೆ ನಮ್ಮ ಸಂಖ್ಯಾಶಾಸ್ತ್ರದ ಪ್ರಯೋಗಾಲಯಗಳಲ್ಲೂ ಇಂಥವೇ ಕಟಕಟ ಎನ್ನುತ್ತಿದ್ದವು. ನನಗೆ ಇದು ಹಳೆಯ ಸಾಮಾನಿನ ರಾಶಿಯಲ್ಲಿ ಸಿಕ್ಕಿತು. ಎಣ್ಣೆ ಬಿಟ್ಟು, ಒಂದು ತಿಂಗಳು ಹಿಂದೆ ಬಿದ್ದು ಓಡುವ ಹಾಗೆ ಮಾಡಿಕೊಂಡಿದ್ದೇನೆ.

ಈಗ ಕಿಟಕಿಯಲ್ಲಿ 999999 ಇದೆ. ಬಿಡಿಸ್ಥಾನದ ಸನ್ನೆಯನ್ನು 1ಕ್ಕೆ ಎಳೆದು, ಹಿಡಿಯನ್ನು ಒಂದೇ ಒಂದು ಸುತ್ತು ತಿರುಗಿಸುತ್ತೇನೆ. ತುಂಬ ನಿಧಾನವಾಗಿ ತಿರುಗಿಸುತ್ತೇನೆ, ಕಿವಿಗೊಟ್ಟು ಕೇಳಿ. ಟಕ್, ಟಕ್, ಟಕ್, ಟಕ್, ಟಕ್, ಟಕ್. ಒಂಬತ್ತುಗಳು ಬಲದಿಂದ ಎಡಕ್ಕೆ ಒಂದೊಂದಾಗಿ ಸೊನ್ನೆಯಾದವು, ಕೊನೆಯಲ್ಲಿ ಒಂದು 1 ಎದ್ದು ನಿಂತಿತು. ಇವತ್ತು ನಾನು ಮಾತಾಡುವುದೆಲ್ಲ ಆ ಟಕ್ ಟಕ್ ಬಗ್ಗೆ.

ಎರಡನೇ ಕ್ಲಾಸಿನಲ್ಲಿ ಮೇಷ್ಟ್ರು ಹೇಳಿಕೊಟ್ಟದ್ದು ನೆನಪಿರಬೇಕು: ಏಳೂ ಐದೂ ಹನ್ನೆರಡು, ಎರಡು ಬರೆದು ಕೈಲಿ ಒಂದು. ಪುಸ್ತಕದಲ್ಲಿ ಅದಕ್ಕೆ ದಶಕ ಸಹಿತ ಕೂಡುವುದು ಅಂತ ಹೆಸರು. ದಶಕ ರಹಿತ ಲೆಕ್ಕ ಯಾವ ಮಗುವಿಗೂ ಕಷ್ಟವಲ್ಲ. ಕೈಲಿ ಒಂದು ಬಂದ ದಿನದಿಂದ ಕಷ್ಟ ಶುರು, ಏಕೆಂದರೆ ಆ ಒಂದು ಹಾಳೆಯ ಮೇಲೆ ಇರುವುದಿಲ್ಲ, ಮನಸ್ಸಿನಲ್ಲಿ ಇರುತ್ತದೆ. ಅದನ್ನು ನೆನಪಿಟ್ಟುಕೊಳ್ಳಬೇಕು, ಸರಿಯಾದ ಹೊತ್ತಿಗೆ ಸರಿಯಾದ ಜಾಗದಲ್ಲಿ ಇಳಿಸಬೇಕು. ಕಂಪ್ಯೂಟರ್ ಇತಿಹಾಸವನ್ನು ಸಾಮಾನ್ಯವಾಗಿ ವೇಗದ ಕಥೆಯಾಗಿ ಹೇಳುತ್ತಾರೆ. ಹಳೆಯ ಯಂತ್ರಗಳನ್ನು ಬಿಚ್ಚಿ ನೋಡಿದವರು ಹಾಗೆ ಹೇಳಲಾರರು. ಮುನ್ನೂರು ವರ್ಷ ಆ ಯಂತ್ರಗಳನ್ನು ಮಾಡಿದವರ ನಿದ್ದೆ ಕೆಡಿಸಿದ್ದು ಈ ಒಂದೇ ಪ್ರಶ್ನೆ: ಕೈಲಿರುವ ಒಂದನ್ನು ಕೈಯೇ ಇಲ್ಲದ ಯಂತ್ರ ಎಲ್ಲಿ ಇಟ್ಟುಕೊಳ್ಳಬೇಕು?

ಯಂತ್ರಗಳಿಗೆ ಹೋಗುವ ಮುಂಚೆ ಒಂದು ಗಳಿಗೆ ನಮ್ಮಲ್ಲೇ ಇರೋಣ. ಉತ್ತರ ಕರ್ನಾಟಕದಿಂದ ಬಂದವರು ಸ್ಲೇಟಿಗೆ ಪಾಟಿ ಅನ್ನುತ್ತೀರಿ, ಶಾಲೆಯ ಚೀಲಕ್ಕೆ ಪಾಟಿಚೀಲ ಅನ್ನುತ್ತೀರಿ. ಹಳೆಯ ಗಣಿತಕ್ಕೆ ಪಾಟೀಗಣಿತ ಎಂಬ ಹೆಸರು ಬಂದದ್ದೂ ಅದೇ ಹಲಗೆಯಿಂದ. ಹಲಗೆಯ ಮೇಲೆ ಧೂಳು ಹರಡಿ ಬೆರಳಿನಿಂದಲೋ ಕಡ್ಡಿಯಿಂದಲೋ ಬರೆಯುತ್ತಿದ್ದರು. ದಶಕ ಬಂತೋ, ಪಕ್ಕದ ಅಂಕಿಯನ್ನು ಒರೆಸಿ ಹೊಸದನ್ನು ಬರೆದರಾಯಿತು. ಕೈಲಿರುವ ಒಂದು ತಕ್ಷಣ ಧೂಳಿಗೆ ಇಳಿಯುತ್ತಿತ್ತು.

9ನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದ. ಅದರಲ್ಲಿ ಗುಣಾಕಾರದ ಕೆಲವು ಚಂದದ ಲೆಕ್ಕಗಳಿವೆ, ಉತ್ತರ ಕೊರಳಿನ ಹಾರದ ಹಾಗೆ ಎರಡೂ ಕಡೆಯಿಂದ ಒಂದೇ ಥರ ಕಾಣುವಂಥವು. ಒಂದನ್ನು ಬರೆದುಕೊಳ್ಳಿ: 142857143. ಇದನ್ನು 7ರಿಂದ ಗುಣಿಸಿ. ಏಳು ಮೂರಲ ಇಪ್ಪತ್ತೊಂದು, ಒಂದು ಬರೆದು ಕೈಲಿ ಎರಡು. ಏಳು ನಾಲ್ಕಲ ಇಪ್ಪತ್ತೆಂಟು, ಎರಡು ಸೇರಿ ಮೂವತ್ತು. ಸೊನ್ನೆ ಬರೆದು ಕೈಲಿ ಮೂರು. ಏಳು ಒಂದಲ ಏಳು, ಮೂರು ಸೇರಿ ಹತ್ತು. ಮತ್ತೆ ಸೊನ್ನೆ. ಹೀಗೇ ಮುಂದುವರಿಸಿ, ಪ್ರತಿ ಮನೆಯಲ್ಲೂ ಸೊನ್ನೆಯೇ ಬರುತ್ತದೆ. ಉತ್ತರ 1000000001. ಹಾರದ ಎರಡು ತುದಿಯಲ್ಲಿ ಎರಡು ಒಂದುಗಳು, ನಡುವೆ ಎಂಟು ಸೊನ್ನೆಗಳ ಮುತ್ತು. ದಶಕವೊಂದು ಸಾಲುದ್ದಕ್ಕೂ ಹರಿದು ಹೋಗುವ ಚೆಲುವನ್ನು ನೋಡಿ ಖುಷಿಪಟ್ಟವನ ಲೆಕ್ಕ ಇದು ಅಂತ ನನಗೆ ಅನ್ನಿಸುತ್ತದೆ. ಈ ಸಂಖ್ಯೆಯನ್ನು ಇಟ್ಟುಕೊಂಡಿರಿ, ಆಮೇಲೆ ಬೇಕಾಗುತ್ತದೆ.

ಸ್ಕಾಟ್ಲೆಂಡಿನ ಜಾನ್ ನೇಪಿಯರ್, ಲಾಗರಿದಮ್ ಕೊಟ್ಟವನು, 1617ರಲ್ಲಿ ಗುಣಾಕಾರದ ಕಡ್ಡಿಗಳನ್ನು ವಿವರಿಸಿದ. ಒಂದೊಂದು ಕಡ್ಡಿಯ ಮೇಲೆ ಒಂದೊಂದು ಅಂಕಿಯ ಮಗ್ಗಿ. ಪ್ರತಿ ಮನೆಯನ್ನೂ ಓರೆಗೆರೆಯಿಂದ ಸೀಳಿ, ಮೇಲೆ ಹತ್ತು, ಕೆಳಗೆ ಬಿಡಿ ಬರೆದಿರುತ್ತಾರೆ. 468ನ್ನು 7ರಿಂದ ಗುಣಿಸಲು 4, 6, 8ರ ಕಡ್ಡಿಗಳನ್ನು ಪಕ್ಕಪಕ್ಕ ಇಟ್ಟು ಏಳನೇ ಸಾಲು ಓದಬೇಕು: 28, 42, 56. ಓರೆಯಾಗಿ ಕೂಡಿದರೆ ಬಲದಿಂದ 6, ಆಮೇಲೆ 5 ಮತ್ತು 2 ಸೇರಿ 7, ಆಮೇಲೆ 4 ಮತ್ತು 8 ಸೇರಿ 12. ಅಲ್ಲಿ ನಿಲ್ಲಬೇಕು. 2 ಬರೆದು ಕೈಲಿ ಒಂದು, ಕೊನೆಯ 2 ಈಗ 3. ಉತ್ತರ 3276. ಮಗ್ಗಿಯನ್ನು ಕಡ್ಡಿ ಹೊತ್ತುಕೊಂಡಿತು, ದಶಕ ಮಾತ್ರ ಮನುಷ್ಯನ ಹತ್ತಿರವೇ ಉಳಿಯಿತು.

ಅದನ್ನು ಗಾಲಿಗೆ ಒಪ್ಪಿಸಿದ ಮೊದಲಿಗ ಜರ್ಮನಿಯ ಟ್ಯೂಬಿಂಗೆನ್‌ನ ವಿಲ್‌ಹೆಲ್ಮ್ ಶಿಕಾರ್ಡ್. ಹೀಬ್ರೂ ಭಾಷೆ ಕಲಿಸುತ್ತಿದ್ದ ಪ್ರಾಧ್ಯಾಪಕ, ಖಗೋಳವೂ ಗೊತ್ತಿತ್ತು. ಗ್ರಹಗಳ ಕೋಷ್ಟಕ ಹಾಕುತ್ತ ಅಂಕಿಗಳ ರಾಶಿಯಲ್ಲಿ ಮುಳುಗಿದ್ದ ಕೆಪ್ಲರ್ ಅವನ ಗೆಳೆಯ. 1623ರ ಸೆಪ್ಟೆಂಬರ್‌ನಲ್ಲಿ ಶಿಕಾರ್ಡ್ ಅವನಿಗೆ ಪತ್ರ ಬರೆದು, ನೀವು ಕೈಯಲ್ಲಿ ಮಾಡುವುದನ್ನು ನಾನು ಯಂತ್ರದಲ್ಲಿ ಮಾಡಿದ್ದೇನೆ ಎಂದು ತಿಳಿಸಿದ. ಅದೇ ಪತ್ರದಲ್ಲಿ ಮುಂದೆ ಇನ್ನೂ ಸಂಭ್ರಮವಿದೆ. ದಶಕ ತಾನೇ ಎಡಕ್ಕೆ ದಾಟುವುದನ್ನು ನೀವು ಕಣ್ಣಾರೆ ಕಂಡಿದ್ದರೆ ನಕ್ಕುಬಿಡುತ್ತಿದ್ದಿರಿ ಎಂಬರ್ಥದ ಮಾತು ಅದರಲ್ಲಿದೆ. ಯಂತ್ರದ ಬಗ್ಗೆ ಹೇಳಲು ಎಷ್ಟೋ ಇದ್ದರೂ ಅವನು ಹೆಮ್ಮೆಪಟ್ಟದ್ದು ದಶಕದ ಬಗ್ಗೆ. ಆ ಸಾಲು ಓದಿದಾಗಲೆಲ್ಲ ನನಗೆ ಆತ ಪಕ್ಕದ ಮನೆಯವನಷ್ಟು ಹತ್ತಿರ ಅನ್ನಿಸುತ್ತಾನೆ.

ಅವನ ಉಪಾಯ ನಿಮಗೆಲ್ಲ ಗೊತ್ತಿರುವುದೇ. ಹಳೆಯ ಸ್ಕೂಟರಿನ ಕಿಲೋಮೀಟರ್ ಮೀಟರು ನೆನಪು ಮಾಡಿಕೊಳ್ಳಿ. ಒಂದು ಗಾಲಿ ಪೂರಾ ಸುತ್ತು ಬಂದಾಗ ಅದರ ಒಂಟಿ ಹಲ್ಲು ಪಕ್ಕದ ಗಾಲಿಯನ್ನು ಒಂದು ಮನೆ ಮುಂದಕ್ಕೆ ನೂಕುತ್ತದೆ. ಆದರೆ ತೊಡಕು ಇಲ್ಲೇ ಇದೆ. 999999ಕ್ಕೆ ಒಂದು ಕೂಡಿದಾಗ ಎಲ್ಲ ಗಾಲಿಗಳೂ ಒಟ್ಟಿಗೆ ಅಲುಗಬೇಕು, ಅಷ್ಟೂ ಗಾಲಿಗಳ ಬಿಗಿಯನ್ನು ಬಿಡಿಸ್ಥಾನದ ಒಂದೇ ಗಾಲಿ ಎಳೆಯಬೇಕು. ಸ್ಕೂಟರಿನ ಹಿಂದೆ ಎಂಜಿನ್ ಇದೆ. ಶಿಕಾರ್ಡನ ಯಂತ್ರದ ಹಿಂದೆ ಇದ್ದದ್ದು ಎರಡು ಬೆರಳು. ಅವನು ಆರು ಅಂಕಿಗೆ ನಿಲ್ಲಿಸಿ, ಅದರಾಚೆ ದಶಕ ಹರಿದರೆ ಗಂಟೆ ಬಾರಿಸುವ ಏರ್ಪಾಡು ಮಾಡಿದ.

ಕೆಪ್ಲರನಿಗಾಗಿ ಮಾಡಿಸುತ್ತಿದ್ದ ಇನ್ನೊಂದು ಯಂತ್ರ 1624ರ ಫೆಬ್ರವರಿಯಲ್ಲಿ, ಅರ್ಧ ಮುಗಿದಿದ್ದಾಗಲೇ ಬೆಂಕಿಯಲ್ಲಿ ಸುಟ್ಟುಹೋಯಿತು. 1635ರಲ್ಲಿ ಶಿಕಾರ್ಡ್ ಪ್ಲೇಗಿಗೆ ಬಲಿಯಾದ. ಯಂತ್ರವೂ ಹೋಯಿತು, ಸುದ್ದಿಯೂ ಹೋಯಿತು. ಕೆಪ್ಲರನ ಕಾಗದಗಳ ನಡುವಿದ್ದ ಚಿತ್ರ 20ನೇ ಶತಮಾನದಲ್ಲಿ ಮತ್ತೆ ಕಣ್ಣಿಗೆ ಬಿದ್ದು, 1960ರಲ್ಲಿ ಅದರ ಆಧಾರದ ಮೇಲೆ ಯಂತ್ರವನ್ನು ಮರಳಿ ಕಟ್ಟಿದರು.

ಶಿಕಾರ್ಡ್ ಪತ್ರ ಬರೆದ ವರ್ಷವೇ ಫ್ರಾನ್ಸಿನಲ್ಲಿ ಬ್ಲೇಸ್ ಪ್ಯಾಸ್ಕಲ್ ಹುಟ್ಟಿದ. ಅವನ ತಂದೆಗೆ ರೂಆನ್ ಪಟ್ಟಣದಲ್ಲಿ ತೆರಿಗೆಯ ಕೆಲಸ. ರಾತ್ರಿಯೆಲ್ಲ ಲೆಕ್ಕ. ಅದೂ ಎಂಥ ಲೆಕ್ಕ? 12 ಡೆನಿಯೆಗೆ 1 ಸೋಲ್, 20 ಸೋಲ್‌ಗೆ 1 ಲಿವ್ರ. ಇಲ್ಲಿರುವ ಹಿರಿಯರಿಗೆ ಇದರ ಸಂಕಟ ಬಿಡಿಸಿ ಹೇಳಬೇಕಿಲ್ಲ. 1957ರ ಏಪ್ರಿಲ್ 1ರಂದು ನಯಾಪೈಸೆ ಬರುವವರೆಗೆ ನಾವೂ 12 ಪೈಗೆ 1 ಆಣೆ, 16 ಆಣೆಗೆ 1 ರೂಪಾಯಿ ಅಂತ ಲೆಕ್ಕ ಹಾಕಿದವರು. ಅಲ್ಲಿ ಕೈಲಿ ಒಂದು ಬರುವುದು ಹತ್ತಕ್ಕಲ್ಲ, ಒಂದು ಕಡೆ ಹನ್ನೆರಡಕ್ಕೆ, ಇನ್ನೊಂದು ಕಡೆ ಹದಿನಾರಕ್ಕೆ.

1642ರಲ್ಲಿ, 19ರ ವಯಸ್ಸಿನಲ್ಲಿ, ಪ್ಯಾಸ್ಕಲ್ ಯಂತ್ರದ ಕೆಲಸ ಶುರು ಮಾಡಿದ. ಮಾದರಿಗಳೇ ಸುಮಾರು ಐವತ್ತು ಆದವು. ಅವನ ದಶಕದ ಉಪಾಯ ಎಷ್ಟು ಸೊಗಸು ಅಂದರೆ ಅದನ್ನು ಕೈಯಲ್ಲೇ ತೋರಿಸುತ್ತೇನೆ. ಈ ಬಲಗೈ ಒಂದು ಭಾರದ ತೋಳು ಅಂದುಕೊಳ್ಳಿ. ಗಾಲಿ 0ಯಿಂದ 9ರ ಕಡೆಗೆ ಸಾಗುತ್ತ ಹೋದ ಹಾಗೆ ಅದರ ಗೂಟಗಳು ಈ ತೋಳನ್ನು ಸ್ವಲ್ಪ ಸ್ವಲ್ಪವೇ ಮೇಲೆತ್ತುತ್ತವೆ. 9 ದಾಟಿ 0 ಬಂದ ಕ್ಷಣ ಗೂಟ ತಪ್ಪುತ್ತದೆ, ತೋಳು ತನ್ನ ಭಾರಕ್ಕೆ ತಾನೇ ಧೊಪ್ಪನೆ ಬೀಳುತ್ತದೆ, ಬೀಳುವಾಗ ಪಕ್ಕದ ಗಾಲಿಯನ್ನು ಒಂದು ಮನೆ ಒದೆಯುತ್ತದೆ. ಅಂದರೆ ದಶಕ ದಾಟಿಸಲು ಬೇಕಾದ ಶಕ್ತಿಯನ್ನು ಪ್ರತಿ ಗಾಲಿಯೂ ಮೊದಲೇ ಕೂಡಿಟ್ಟುಕೊಂಡಿರುತ್ತದೆ. ಒಂಬತ್ತುಗಳ ಸಾಲು ಎಷ್ಟೇ ಉದ್ದವಿರಲಿ, ಬೆರಳಿಗೆ ಹೆಚ್ಚು ಭಾರ ಬೀಳದು. ಒಂದು ಬಿದ್ದು ಇನ್ನೊಂದನ್ನು ಬೀಳಿಸುತ್ತ ಹೋಗುತ್ತದೆ. ಶಿಕಾರ್ಡನ ಕಷ್ಟಕ್ಕೆ ಇಷ್ಟು ಪೂರ್ತಿಯಾದ ಉತ್ತರ ಆ ಶತಮಾನದಲ್ಲಿ ಇನ್ಯಾರೂ ಕೊಡಲಿಲ್ಲ.

ಆದರೆ ಬಿದ್ದ ತೋಳು ಹಿಂದಕ್ಕೆ ನಡೆಯುವುದಿಲ್ಲ, ಗಾಲಿ ಒಂದೇ ದಿಕ್ಕಿಗೆ. ಹಾಗಾದರೆ ಕಳೆಯುವುದು ಹೇಗೆ? ಕೂಡಿಯೇ ಕಳೆದ. 72ರಲ್ಲಿ 35 ಹೋಗಬೇಕು. 72ರ ಪ್ರತಿ ಅಂಕಿಯನ್ನೂ 9ರಿಂದ ಕಳೆಯಿರಿ, 27. ಅದಕ್ಕೆ 35 ಕೂಡಿ, 62. ಮತ್ತೆ 9ರಿಂದ ಕಳೆಯಿರಿ, 37. ಸರಿಯಾಯಿತಲ್ಲ? ಪ್ಯಾಸ್ಕಲನ ಯಂತ್ರದ ಉರುಳೆಗಳ ಮೇಲೆ ಅಂಕಿಗಳನ್ನು ಎರಡು ಸಾಲಿನಲ್ಲಿ, ಮೇಲಿನದೂ ಕೆಳಗಿನದೂ ಸೇರಿ 9 ಆಗುವ ಹಾಗೆ ಬರೆದಿರುತ್ತಿತ್ತು. ಒಂದು ಪಟ್ಟಿ ಸರಿಸಿದರೆ ಬೇಕಾದ ಸಾಲು ಕಾಣುತ್ತಿತ್ತು. ನಿಮ್ಮ ಜೇಬಿನ ಮೊಬೈಲು ಕಳೆಯುವುದೂ ಇದೇ ಜಾತಿಯ ಉಪಾಯದಿಂದ, 10ರ ಬದಲು 2ರ ಎಣಿಕೆಯಲ್ಲಿ.

ರೂಆನ್‌ನ ಒಬ್ಬ ಗಡಿಯಾರದವನು ಈ ಯಂತ್ರದ ಸುದ್ದಿ ಕೇಳಿ ತಾನೂ ಒಂದು ಮಾಡಿದ. ಹೊರಗಿನಿಂದ ಫಳಫಳ, ಒಳಗೆ ಕೆಲಸ ಮಾಡದು. ಅದನ್ನು ನೋಡಿ ಪ್ಯಾಸ್ಕಲ್ ಎಷ್ಟು ನೊಂದನೆಂದರೆ ಕೆಲಸಗಾರರನ್ನೇ ಬಿಡಿಸಿ ಕೈಚೆಲ್ಲುವ ಮನಸ್ಸು ಮಾಡಿದ್ದ. 1649ರಲ್ಲಿ ರಾಜನ ಅನುಮತಿ ಪತ್ರ ಸಿಕ್ಕಿ, ಬೇರೆ ಯಾರೂ ಇಂಥದನ್ನು ಮಾಡಕೂಡದು ಎಂದಾಯಿತು.

ಜರ್ಮನಿಯ ಗಣಿತಜ್ಞ ಲೈಬ್‌ನಿಟ್ಸ್‌ನ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಅವನ ದೊಡ್ಡ ಕೊಡುಗೆ ಮೆಟ್ಟಿಲು ಉರುಳೆ: ಒಂಬತ್ತು ಹಲ್ಲು, ಒಂದಕ್ಕಿಂತ ಒಂದು ಉದ್ದ. ಗಾಲಿಯನ್ನು ಎಲ್ಲಿ ನಿಲ್ಲಿಸುತ್ತೀರೋ ಅಷ್ಟು ಹಲ್ಲುಗಳು ತಾಗುತ್ತವೆ. ಇದರಿಂದ ಗುಣಾಕಾರ ಹಿಡಿ ತಿರುಗಿಸುವಷ್ಟು ಸುಲಭವಾಯಿತು. 1673ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಮಾದರಿ ತೋರಿಸಿದ, ಮುಂದೆ ಇಪ್ಪತ್ತು ವರ್ಷ ಅದರ ಹಿಂದೆ ಬಿದ್ದ. ಆದರೂ ದಶಕ ಅವನಿಗೆ ಪೂರ್ತಿ ಒಲಿಯಲಿಲ್ಲ. ದಶಕದ ಮೇಲೆ ದಶಕ ಬಂದಾಗ ಯಂತ್ರ ನಡುವೆ ನಿಂತುಬಿಡುತ್ತಿತ್ತು. ಐದು ಮೂಲೆಯ ಬಿಲ್ಲೆಗಳ ತುದಿ ಮೇಲೆ ಚಾಚಿಕೊಂಡು, ಇಲ್ಲಿ ಕೆಲಸ ಬಾಕಿ ಇದೆ ಎಂದು ತೋರಿಸುತ್ತಿತ್ತು. ಪಕ್ಕದಲ್ಲಿದ್ದವರು ಅದನ್ನು ಬೆರಳಿನಿಂದ ಒತ್ತಬೇಕಿತ್ತು. ಆ ಯಂತ್ರ ಗಾಟಿಂಗೆನ್ ವಿಶ್ವವಿದ್ಯಾಲಯದ ಅಟ್ಟದಲ್ಲಿ ಬಿದ್ದಿದ್ದು, 1870ರ ದಶಕದಲ್ಲಿ ಸಿಕ್ಕಿತು. ಅದೇ ಉರುಳೆ ಇಟ್ಟುಕೊಂಡು ಫ್ರಾನ್ಸಿನ ತೊಮಾ 1820ರಲ್ಲಿ ಪೇಟೆಂಟ್ ಪಡೆದ ಅರಿತ್ಮೊಮೀಟರೇ ಮುಂದೆ ಕಚೇರಿಗಳ ಮೇಜಿಗೆ ಬಂದದ್ದು.

ಇಷ್ಟು ಹೊತ್ತು ಯಂತ್ರಗಳ ಬಗ್ಗೆ ಹೇಳಿದೆ. ನಿಜವಾಗಿ ಆ ಕಾಲದ ಲೆಕ್ಕವೆಲ್ಲ ಮನುಷ್ಯರೇ ಮಾಡುತ್ತಿದ್ದುದು, ಮತ್ತು ಅವರ ಹುದ್ದೆಯ ಹೆಸರೇ ಕಂಪ್ಯೂಟರ್. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಯಲಿನಲ್ಲಿ ಸರಪಳಿ ಎಳೆದು ಆಧಾರರೇಖೆ ಅಳೆದ. ಅಲ್ಲಿಂದ ಮುಂದೆ ಇಡೀ ದೇಶದ ಮೇಲೆ ತ್ರಿಕೋನಗಳ ಬಲೆ ಹರಡಿದ ಆ ಮಹಾ ಸರ್ವೇಯಲ್ಲಿ ರಾಧಾನಾಥ ಸಿಕದಾರ್ 1831ರಲ್ಲಿ ಕಂಪ್ಯೂಟರ್ ಆಗಿ ಸೇರಿದರು. 15ನೇ ಶಿಖರ ಎಂದಷ್ಟೇ ಹೆಸರಿದ್ದ ಬೆಟ್ಟ ಜಗತ್ತಿನ ಎಲ್ಲಕ್ಕಿಂತ ಎತ್ತರದ್ದು ಎಂಬುದು ಹೊರಬಿದ್ದದ್ದು ಅವರ ಲೆಕ್ಕದಿಂದ. ಎತ್ತರ 29,002 ಅಡಿ ಎಂದು 1856ರಲ್ಲಿ ಪ್ರಕಟವಾಯಿತು. ಬೆಟ್ಟಕ್ಕೆ ಮಾತ್ರ ಸರ್ವೇಯ ಹಿಂದಿನ ಮುಖ್ಯಸ್ಥ ಎವರೆಸ್ಟ್‌ನ ಹೆಸರು ಬಂತು. ಇದನ್ನು ನಾನು ಪ್ರತಿ ಉಪನ್ಯಾಸದಲ್ಲೂ ಹೇಳುತ್ತೇನೆ, ಹೇಳುತ್ತಲೇ ಇರುತ್ತೇನೆ.

ಮನುಷ್ಯ ಕಂಪ್ಯೂಟರ್‌ಗಳು ತಪ್ಪು ಮಾಡುತ್ತಿದ್ದರು. 1821ರಲ್ಲಿ ಲಂಡನ್ನಿನಲ್ಲಿ ಚಾರ್ಲ್ಸ್ ಬ್ಯಾಬೇಜ್ ಮತ್ತು ಜಾನ್ ಹರ್ಷಲ್ ಖಗೋಳದ ಕೋಷ್ಟಕಗಳನ್ನು ತಾಳೆ ನೋಡುತ್ತ ಕೂತಿದ್ದರು. ತಪ್ಪಿನ ಮೇಲೆ ತಪ್ಪು ಸಿಕ್ಕಿ ಬೇಸತ್ತ ಬ್ಯಾಬೇಜ್, ಈ ಲೆಕ್ಕಗಳನ್ನು ಉಗಿಯಂತ್ರ ಮಾಡುವಂತಿದ್ದರೆ ಎಷ್ಟು ಚೆನ್ನಾಗಿತ್ತು ಎಂದನಂತೆ. ಅವನ ವ್ಯತ್ಯಾಸ ಯಂತ್ರದ ಹಿಂದಿನ ಗಣಿತ ಸರಳ. ವರ್ಗಸಂಖ್ಯೆಗಳನ್ನು ನೋಡಿ: 1, 4, 9, 16, 25. ನಡುವಿನ ಅಂತರ 3, 5, 7, 9. ಆ ಅಂತರಗಳ ಅಂತರ ಯಾವಾಗಲೂ 2. ಹಾಗಾದರೆ 9ಕ್ಕೆ 2 ಕೂಡಿ 11, 25ಕ್ಕೆ 11 ಕೂಡಿ 36. ಆರನ್ನು ಆರರಿಂದ ಗುಣಿಸದೆಯೇ ಉತ್ತರ ಬಂತು. ಬರೀ ಕೂಡುವುದರಿಂದ ದೊಡ್ಡ ದೊಡ್ಡ ಕೋಷ್ಟಕ ಹುಟ್ಟುತ್ತದೆ. ಬರೀ ಕೂಡುವುದು ಅಂದರೆ ಏನು? ಬರೀ ದಶಕ.

ಸರ್ಕಾರ 17,000 ಪೌಂಡಿಗೂ ಹೆಚ್ಚು ಸುರಿಯಿತು, ಕುಶಲಕರ್ಮಿ ಕ್ಲೆಮೆಂಟ್ ಜೊತೆ ಜಗಳವಾಗಿ 1833ರಲ್ಲಿ ಕೆಲಸ ನಿಂತಿತು, 1842ರಲ್ಲಿ ಸರ್ಕಾರ ಕೈತೊಳೆದುಕೊಂಡಿತು. ಈ ಭಾಗ ಎಲ್ಲರೂ ಹೇಳುತ್ತಾರೆ. ನನ್ನ ಆಸಕ್ತಿ 1847ರಿಂದ 49ರವರೆಗೆ ಅವನು ಕಾಗದದ ಮೇಲೆ ಬರೆದಿಟ್ಟ ಎರಡನೇ ವ್ಯತ್ಯಾಸ ಯಂತ್ರದಲ್ಲಿ. ಲಂಡನ್ನಿನ ಸೈನ್ಸ್ ಮ್ಯೂಸಿಯಂ ಅದರ ಲೆಕ್ಕದ ಭಾಗವನ್ನು ಅವನ 200ನೇ ಹುಟ್ಟುಹಬ್ಬಕ್ಕೆ, 1991ರಲ್ಲಿ ಕಟ್ಟಿ ಮುಗಿಸಿತು. ಮುದ್ರಣದ ಭಾಗವೂ ಸೇರಿ 2002ರಲ್ಲಿ ಪೂರ್ತಿಯಾಯಿತು. 8,000 ಭಾಗ, 5 ಟನ್ ತೂಕ, 31 ಅಂಕಿಯ ಸಂಖ್ಯೆಗಳು. ಎರಡೂ ಭಾಗ ಕೆಲಸ ಮಾಡಿದವು, ಸರಿಯಾಗಿ ಮಾಡಿದವು.

ಅದರ ಬೆನ್ನಿನ ಕಡೆ ಹೋಗಿ ನಿಂತರೆ ದಶಕ ಕಣ್ಣಿಗೆ ಕಾಣುತ್ತದೆ. ಅಂಕಿಯ ಗಾಲಿಗಳು ಕಂಬದ ಹಾಗೆ ಒಂದರ ಮೇಲೊಂದು, ಬಿಡಿಸ್ಥಾನ ತಳದಲ್ಲಿ. ಮೊದಲು ಎಲ್ಲ ಗಾಲಿಗಳೂ ಒಟ್ಟಿಗೆ ಕೂಡುತ್ತವೆ. ಯಾವ ಗಾಲಿ 9 ದಾಟಿತೋ ಅದು ತಕ್ಷಣ ಪಕ್ಕದವನನ್ನು ನೂಕುವುದಿಲ್ಲ, ಒಂದು ಪುಟ್ಟ ಸನ್ನೆಯನ್ನು ಸರಿಸಿ ಗುರುತು ಮಾತ್ರ ಇಡುತ್ತದೆ. ಸೆರಗಿಗೆ ಗಂಟು ಹಾಕಿಕೊಂಡ ಹಾಗೆ. ಆಮೇಲೆ ಸುರುಳಿ ಮೆಟ್ಟಿಲಿನಂತೆ ಜೋಡಿಸಿದ ತೋಳುಗಳು ತಳದಿಂದ ಮೇಲಕ್ಕೆ ಒಂದೊಂದು ಗಾಲಿಯ ಹತ್ತಿರ ಸುಳಿದು ಹೋಗುತ್ತವೆ. ಗುರುತು ಇದ್ದಲ್ಲಿ ಮೇಲಿನ ಗಾಲಿಗೆ ಒಂದು ಕೊಡುತ್ತವೆ. ಹಾಗೆ ಕೊಟ್ಟದ್ದರಿಂದ ಆ ಗಾಲಿಯೂ 9 ದಾಟಿದರೆ ಚಿಂತೆಯಿಲ್ಲ, ಅದರ ಸರದಿಯ ತೋಳು ಇನ್ನೂ ಬರಬೇಕಷ್ಟೆ. ತಿರುಗುವಾಗ ಉಕ್ಕಿನ ಮೇಲೆ ಒಂದು ಅಲೆ ಏರಿ ಹೋದಂತೆ ಕಾಣುತ್ತದೆ. ಕೈಲಿರುವ ಒಂದಕ್ಕೆ ಯಂತ್ರದಲ್ಲಿ ಒಂದು ನೆನಪು ಹುಟ್ಟಿದ್ದು ಹೀಗೆ. ನನ್ನ ಈ ಕಪ್ಪು ಯಂತ್ರದ ಒಳಗೂ ಅದೇ ತತ್ವ, ಆರು ಬಾರಿ ಟಕ್ ಎಂದದ್ದು ಅದಕ್ಕೇ.

ಬ್ಯಾಬೇಜ್‌ಗೆ ಇದಕ್ಕಿಂತ ಮುಂಚೆಯೇ ಇನ್ನೂ ದೊಡ್ಡ ಆಸೆಯಿತ್ತು. 1830ರ ದಶಕದಲ್ಲಿ ಅವನು ಕನಸು ಕಂಡ ವಿಶ್ಲೇಷಕ ಯಂತ್ರದಲ್ಲಿ 40, 50 ಅಂಕಿಯ ಸಂಖ್ಯೆಗಳು. ಪ್ರತಿ ಸಲ ದಶಕ ತುದಿಯವರೆಗೆ ನಡೆದುಕೊಂಡು ಹೋಗಲು ಕಾಯುತ್ತ ಕೂತರೆ ಹೊತ್ತೆಲ್ಲ ಅದಕ್ಕೇ. ಅವನು ಹೀಗೆ ಯೋಚಿಸಿದ: ಒಂದು ಗಾಲಿಯಲ್ಲಿ 9 ಇದ್ದರೆ, ಬಲಗಡೆಯಿಂದ ಒಂದು ಬಂದರೆ ಅದು ಎಡಕ್ಕೆ ಹೋಗೇ ಹೋಗುತ್ತದೆ. ಅದು ಬರುವ ಮುಂಚೆಯೇ ಗೊತ್ತಿರುವ ಸಂಗತಿ. ಹಾಗಾದರೆ 9ಗಳ ಸಾಲನ್ನೆಲ್ಲ ಮೊದಲೇ ಕೊಂಡಿಯಿಂದ ಬೆಸೆದುಬಿಟ್ಟರೆ ಒಂದೇ ತಳ್ಳಿಗೆ ಎಲ್ಲವೂ ದಾಟುತ್ತವೆ. ಯಂತ್ರಕ್ಕೆ ಮುಂದಾಗುವುದನ್ನು ಕಾಣುವುದನ್ನೂ, ಕಂಡದ್ದರ ಮೇಲೆ ನಡೆಯುವುದನ್ನೂ ಕಲಿಸಬೇಕಾಯಿತು ಎಂಬರ್ಥದಲ್ಲಿ ಮುಂದೆ ಅವನೇ ಬರೆದಿದ್ದಾನೆ. ಇವತ್ತಿನ ಚಿಪ್ಪುಗಳಲ್ಲಿ ಇದೇ ತರ್ಕ ಸಿಲಿಕಾನಿನಲ್ಲಿ ಇದೆ.

ಆ ಯಂತ್ರಕ್ಕೆ ಆಜ್ಞೆ ಕೊಡಲು ಅವನು ಆರಿಸಿಕೊಂಡದ್ದು ಜಕಾರ್ಡ್ ಮಗ್ಗದ ತೂತಿನ ಕಾರ್ಡು. ದೊಡ್ಡಬಳ್ಳಾಪುರದ ಮಗ್ಗದ ಮನೆಗಳಿಗೆ ಹೋದವರು ಮಗ್ಗದ ನೆತ್ತಿಯಿಂದ ಸರವಾಗಿ ಇಳಿಬಿದ್ದ ಆ ಕಾರ್ಡುಗಳನ್ನು ನೋಡಿರುತ್ತೀರಿ, ತೂತು ಇದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಇಲ್ಲ. ಮಗ್ಗ ಹೂವು ಎಲೆ ನೇಯುವಂತೆ ಈ ಯಂತ್ರ ಬೀಜಗಣಿತ ನೇಯುತ್ತದೆ ಎಂದು 1843ರಲ್ಲಿ ಬರೆದವಳು ಏಡಾ ಲವ್‌ಲೇಸ್. ಬರ್ನೂಲಿ ಸಂಖ್ಯೆಗಳನ್ನು ಆ ಯಂತ್ರ ಹೇಗೆ ಲೆಕ್ಕಹಾಕಬೇಕು ಎಂದು ಹೆಜ್ಜೆ ಹೆಜ್ಜೆಯಾಗಿ ಬರೆದಿಟ್ಟಳು. ಏಡಾ ಬಗ್ಗೆಯೇ ಇನ್ನೊಂದು ಸಂಜೆ ಬೇಕು.

ಗಾಲಿ ಬಿಟ್ಟು ವಿದ್ಯುತ್ತಿಗೆ ಬರೋಣ. 1937ರಲ್ಲಿ ಅಮೆರಿಕದ ಜಾರ್ಜ್ ಸ್ಟಿಬಿಟ್ಜ್ ಅಡುಗೆಮನೆಯ ಮೇಜಿನ ಮೇಲೆ ಎರಡು ರಿಲೇ (ವಿದ್ಯುತ್ತಿನಿಂದ ಒತ್ತಿಕೊಳ್ಳುವ ಸ್ವಿಚ್ಚು), ಟಾರ್ಚಿನ ಬಲ್ಬು, ತಂಬಾಕಿನ ಡಬ್ಬಿಯಿಂದ ಕತ್ತರಿಸಿದ ತಗಡು, ಬ್ಯಾಟರಿ ಇಷ್ಟರಲ್ಲೇ ಒಂದು ಕೂಡುವ ಸಲಕರಣೆ ಮಾಡಿದ. ಎಣಿಕೆ 0 ಮತ್ತು 1 ಮಾತ್ರ. ಒಂದೂ ಒಂದೂ ಸೇರಿದರೆ ಸೊನ್ನೆ ಬರೆದು ಕೈಲಿ ಒಂದು. ನಿಮ್ಮ ಮನೆಯ ಮಹಡಿ ಮೆಟ್ಟಿಲಿನ ದೀಪ ನೆನೆಯಿರಿ, ಕೆಳಗೊಂದು ಸ್ವಿಚ್ಚು, ಮೇಲೊಂದು ಸ್ವಿಚ್ಚು. ಒಂದನ್ನು ಮಾತ್ರ ಒತ್ತಿದರೆ ದೀಪ ಹತ್ತುತ್ತದೆ, ಎರಡನ್ನೂ ಒತ್ತಿದರೆ ಆರುತ್ತದೆ. ಅದೇ ಬರೆಯುವ ಅಂಕಿ. ಇನ್ನು ಎರಡು ಸ್ವಿಚ್ಚುಗಳನ್ನು ಒಂದೇ ತಂತಿಯಲ್ಲಿ ಹಿಂದೆ ಮುಂದೆ ಹಾಕಿ. ಎರಡೂ ಒತ್ತಿದಾಗ ಮಾತ್ರ ಕರೆಂಟು ಹರಿಯುತ್ತದೆ. ಅದೇ ಕೈಲಿರುವ ಒಂದು. ಪ್ಯಾಸ್ಕಲ್ ಐವತ್ತು ಮಾದರಿ ಮಾಡಿ ಹುಡುಕಿದ್ದು ಎರಡು ಸ್ವಿಚ್ಚಿನಲ್ಲಿ ಮುಗಿಯಿತು. ಬರ್ಲಿನ್ನಿನಲ್ಲಿ ಕೋನ್ರಾಡ್ ಟ್ಸೂಸೆ 1941ರಲ್ಲಿ ಸುಮಾರು 2,600 ರಿಲೇಗಳಿಂದ ಪೂರ್ತಿ ಯಂತ್ರವನ್ನೇ ಕಟ್ಟಿದ.

1946ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾದಲ್ಲಿ ಲೋಕಕ್ಕೆ ತೋರಿಸಿದ ಎಲೆಕ್ಟ್ರಾನಿಕ್ ಕಂಪ್ಯೂಟರ್ ಎನಿಯಾಕ್‌ನಲ್ಲಿ ಸುಮಾರು 18,000 ವಾಲ್ವುಗಳು, 30 ಟನ್ ತೂಕ. ವಿಚಿತ್ರವೆಂದರೆ ಅದು ಎಣಿಸುತ್ತಿದ್ದುದು ಹತ್ತರಲ್ಲೇ. ಒಂದೊಂದು ಅಂಕಿಗೂ ಹತ್ತು ಮನೆಯ ಉಂಗುರ, ವಾಲ್ವಿನಲ್ಲಿ ಕಟ್ಟಿದ ಪ್ಯಾಸ್ಕಲನ ಗಾಲಿ. ಫಿರಂಗಿ ಗುಂಡಿನ ಒಂದು ಪಥವನ್ನು ಮೇಜಿನ ಯಂತ್ರ ಇಟ್ಟುಕೊಂಡು ಒಬ್ಬರು ಲೆಕ್ಕಹಾಕಲು ಸುಮಾರು 20 ಗಂಟೆ ಹಿಡಿಯುತ್ತಿತ್ತು, ಎನಿಯಾಕ್‌ಗೆ 30 ಸೆಕೆಂಡು. ಆ 20 ಗಂಟೆಯ ಕೆಲಸ ಮಾಡುತ್ತಿದ್ದವರು ಹೆಚ್ಚಾಗಿ ಹೆಂಗಸರು, ಹುದ್ದೆ ಕಂಪ್ಯೂಟರ್. ಅವರಲ್ಲೇ ಆರು ಜನರನ್ನು ಆರಿಸಿ ಎನಿಯಾಕ್‌ಗೆ ಲೆಕ್ಕ ಹೂಡುವ ಕೆಲಸ ಕೊಟ್ಟರು: ಕೇ ಮೆಕ್‌ನಲ್ಟಿ, ಬೆಟ್ಟಿ ಜೆನಿಂಗ್ಸ್, ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ ಬೈಲಾಸ್, ರೂತ್ ಲಿಕ್ಟರ್‌ಮನ್. ಹೆಸರುಗಳನ್ನು ಪೂರ್ತಿ ಓದಿದೆ, ಏಕೆಂದರೆ ಆವತ್ತಿನ ಸಂಭ್ರಮದಲ್ಲಿ ಯಾರೂ ಓದಲಿಲ್ಲ.

ಅದೇ ವರ್ಷದ ನವೆಂಬರ್‌ನಲ್ಲಿ ಟೋಕಿಯೋದಲ್ಲಿ ಇನ್ನೊಂದು ಸಂಗತಿ ನಡೆಯಿತು. ವಿದ್ಯುತ್ ಲೆಕ್ಕಯಂತ್ರ ಹಿಡಿದ ಅಮೆರಿಕದ ಸೈನಿಕ ಥಾಮಸ್ ವುಡ್, ಸೊರೊಬಾನ್ ಅಬ್ಯಾಕಸ್ ಹಿಡಿದ ಕಿಯೋಶಿ ಮತ್ಸುಜಾಕಿ, ಇಬ್ಬರ ನಡುವೆ ಪಂದ್ಯ. ಮಣಿಗಳು 4–1ರಿಂದ ಗೆದ್ದವು. ನುರಿತ ಬೆರಳು ದಶಕವನ್ನು ಎಷ್ಟು ಸರಾಗವಾಗಿ ದಾಟಿಸಬಲ್ಲದು ಅನ್ನುವುದಕ್ಕೆ ನನಗೆ ಬೇರೆ ಸಾಕ್ಷಿ ಬೇಕಿಲ್ಲ.

ಈಗ ಮಹಾವೀರಾಚಾರ್ಯನ ಸಂಖ್ಯೆ ಹೊರತೆಗೆಯಿರಿ. ಒಂಬತ್ತು ಅಂಕಿ, ನನ್ನ ಯಂತ್ರದಲ್ಲಿ ಒಂಬತ್ತು ಸನ್ನೆ, ಸರಿಹೊಂದುತ್ತದೆ. 1, 4, 2, 8, 5, 7, 1, 4, 3 ಇಟ್ಟಿದ್ದೇನೆ. ಒಂದು, ಎರಡು, ಮೂರು, ನಾಲ್ಕು, ಐದು, ಆರು ಸುತ್ತು ನಾನು ತಿರುಗಿಸಿದೆ. ಕಿಟಕಿಯಲ್ಲಿ 857142858 ಇದೆ. ಏಳನೇ ಸುತ್ತು ನಿಮ್ಮದು. ಮುಂದಿನ ಸಾಲಿನಲ್ಲಿರುವ ಮಕ್ಕಳು ಮೊದಲು ಬನ್ನಿ. ಹಿಡಿಯನ್ನು ಸ್ವಲ್ಪ ಹೊರಗೆಳೆದು, ನಿಧಾನವಾಗಿ, ಪೂರ್ತಿ ಸುತ್ತು. ನಡುವೆ ನಿಲ್ಲಿಸಬೇಡಿ, ಉಳಿದವರು ಸದ್ದು ಮಾಡದೆ ಎಣಿಸಿ.